ಬುಕ್ಕಿನ ಹೆಸರು ಬೇಡ, ನಂಬರ್ ಹೇಳಿ

ಡಿಗ್ರಿ ಪರೀಕ್ಷೆ ಮುಗಿದು ಟಿಸಿಗೆ ಕ್ಯೂ ಶುರುವಾಯಿತೆಂದರೆ ಲೈಬ್ರರಿ ಕೌಂಟರಿನಲ್ಲಿ ದಿನವಿಡೀ ಒಂದೇ ಮಾತು. ‘ಮೇಡಂ, ಆ ಬುಕ್ ನಾನು ಯಾವತ್ತೋ ಕೊಟ್ಟೀನ್ರೀ.’ ಕಂಪ್ಯೂಟರ್ ಮಾತ್ರ ಡ್ಯೂ ಇದೆ ಅನ್ನುತ್ತದೆ. ನೋ ಡ್ಯೂ ಫಾರಂಗೆ ಸೀಲು ಬೀಳುವುದಿಲ್ಲ. ದಾವಣಗೆರೆಯ ಕಾಲೇಜು ಲೈಬ್ರರಿಯಲ್ಲಿ ಬಹಳ ವರ್ಷದಿಂದ ಇದನ್ನು ನೋಡುತ್ತಾ ಬಂದಿದ್ದೇನೆ. ಹೀಗೆ ಹೇಳುವವರಲ್ಲಿ ನಿಜ ಹೇಳುವವರೇ ಜಾಸ್ತಿ. ಆದರೆ ಅವರಿಗೆ ಸರಿಯಾಗಿ ತಕರಾರು ಮಾಡುವುದೇ ಗೊತ್ತಿಲ್ಲ.

ಸಾಕ್ಷಿಗೆ ಒಬ್ಬ ಗೆಳೆಯನನ್ನು ಕರೆತರುತ್ತಾರೆ. ದೇವರ ಮೇಲೆ ಆಣೆ ಮಾಡುತ್ತಾರೆ. ‘ಕೆಂಪು ಅಟ್ಟೆ ಮೇಡಂ, ದಪ್ಪ ಇತ್ತು’ ಅನ್ನುತ್ತಾರೆ. ಆಕ್ಸೆಷನ್ ನಂಬರ್, ಅಂದರೆ ಆ ಪ್ರತಿಗೆ ಲೈಬ್ರರಿ ಕೊಟ್ಟ ನಂಬರ್, ಎಷ್ಟಪ್ಪಾ ಅಂತ ಕೇಳಿದರೆ ಬುಕ್ಕಿನ ಹೆಸರು ಹೇಳುತ್ತಾರೆ. ಮತ್ತೆ ಕೇಳಿದರೆ ಬರೆದವರ ಹೆಸರು!

ಇದೊಂದನ್ನು ಸಮಾಧಾನವಾಗಿ ಓದಿ. ಒಂದೇ ಹೆಸರಿನ ಮೂವತ್ತು ಪ್ರತಿ ತರಿಸಿದರೆ ಮೂವತ್ತಕ್ಕೂ ಬೇರೆ ಬೇರೆ ಆಕ್ಸೆಷನ್ ನಂಬರ್. ಬುಕ್ಕು ಲೈಬ್ರರಿಗೆ ಸೇರುವಾಗಲೇ ರಿಜಿಸ್ಟರಿನಲ್ಲಿ ಅದಕ್ಕೊಂದು ಸಾಲು ಬೀಳುತ್ತದೆ: ನಂಬರ್, ಬೆಲೆ, ಬಿಲ್ಲು. ಬೆನ್ನಿನ ಮೇಲೆ ಅಂಟಿಸಿದ ಚೀಟಿಯಲ್ಲಿರುವುದು ಕಾಲ್ ನಂಬರ್. ಅದು ಯಾವ ರ‍್ಯಾಕು ಅಂತ ಹೇಳುತ್ತದೆ ಅಷ್ಟೇ, ಮೂವತ್ತಕ್ಕೂ ಒಂದೇ. ಆಕ್ಸೆಷನ್ ನಂಬರ್ ಸಾಮಾನ್ಯವಾಗಿ ಟೈಟಲ್ ಪುಟದ ಹಿಂದಿನ ಸೀಲಿನಲ್ಲಿ, ಬಾರ್‌ಕೋಡಿನ ಜೊತೆ ಇರುತ್ತದೆ. ಯಾರಾದರೂ ಚೀಟಿ ಕಿತ್ತು, ಪುಟ ಹರಿದರೆ ಇರಲಿ ಅಂತ ಒಳಗಿನ ಇನ್ನೊಂದು ಪುಟದಲ್ಲೂ ಬರೆದಿರುತ್ತೇವೆ. ಸೀಕ್ರೆಟ್ ಪೇಜ್ ಅಂತ ಅದಕ್ಕೆ ಹೆಸರು. ನಮ್ಮಲ್ಲಿ ಯಾವ ಪುಟ ಅಂತ ಮಾತ್ರ ಕೇಳಬೇಡಿ.

ಇಶ್ಯೂ ಮಾಡುವಾಗ ನಿಮ್ಮ ಖಾತೆಗೆ ಸೇರುವುದು ಆ ನಂಬರ್. ಆ ನಂಬರ್ ವಾಪಸ್ ಬಂದರೆ ಮಾತ್ರ ಖಾತೆ ಖಾಲಿ. ತಂದುಕೊಟ್ಟವರು ಯಾರು ಅಂತ ಕಂಪ್ಯೂಟರ್ ನೋಡುವುದಿಲ್ಲ.

ಒಮ್ಮೆ ಹಾಸ್ಟೆಲಿನ ಒಂದೇ ರೂಮಿನ ಇಬ್ಬರು ಹುಡುಗಿಯರು ಬಂದರು. ಒಬ್ಬಳು ಜಗಳೂರಿನವಳು, ಇನ್ನೊಬ್ಬಳು ಹೊನ್ನಾಳಿಯವಳು. ಇಬ್ಬರೂ ಕಾಸ್ಟ್ ಅಕೌಂಟಿಂಗ್‌ನ ಒಂದೇ ಬುಕ್ಕು ತಗೊಂಡಿದ್ದರು. ಹೊನ್ನಾಳಿಯವಳು ವಾಪಸ್ ಕೊಟ್ಟಾಗಿತ್ತು, ಆದರೂ ಡ್ಯೂ ಅವಳ ಹೆಸರಲ್ಲೇ. ಜಗಳೂರಿನವಳ ಖಾತೆ ಖಾಲಿ. ಅವಳಿಗೂ ತಾನು ಕೊಟ್ಟ ನೆನಪಿಲ್ಲ, ಖಾಲಿ ಇದೆಯಲ್ಲ ಅಂತ ಸುಮ್ಮನಿದ್ದಳು. ಓದುವಾಗ ಬುಕ್ಕು ಅದಲುಬದಲಾಗಿತ್ತು, ಅಷ್ಟೇ. ಹೊನ್ನಾಳಿಯವಳು ಕೊಟ್ಟಿದ್ದು ಗೆಳತಿಯ ಪ್ರತಿ. ಹೊನ್ನಾಳಿಯವಳ ಹೆಸರಿನದು ಜಗಳೂರಿನ ಮನೆಯ ಟ್ರಂಕಿನಲ್ಲಿತ್ತು. ಮಾರನೇ ದಿನ ಬಸ್ಸಿನಲ್ಲಿ ಬಂತು. ಇಬ್ಬರೂ ಮಂಡಕ್ಕಿ ಮಿರ್ಚಿ ತಿನ್ನೋಕೆ ಹೋದರು. ನನ್ನನ್ನು ಕರೆಯಲಿಲ್ಲ.

ಇನ್ನೊಂದು ಸಾಮಾನ್ಯ ಕಾರಣ ಅವಸರ. ಬಸ್ಸಿಗೆ ಹೊತ್ತಾಯಿತು ಅಂತ ಬುಕ್ಕನ್ನು ಕೌಂಟರಿನ ಮೇಲಿಟ್ಟು ಓಡುತ್ತಾರೆ. ಎಂಟ್ರಿ ಆಗುವ ಮೊದಲೇ ಅಟೆಂಡರ್ ಅದನ್ನು ರ‍್ಯಾಕಿಗೆ ಜೋಡಿಸಿಬಿಡುತ್ತಾರೆ. ಬುಕ್ಕು ರ‍್ಯಾಕಿನಲ್ಲಿ, ಡ್ಯೂ ನಿಮ್ಮ ಹೆಸರಲ್ಲಿ. ಇದರಲ್ಲಿ ನಮ್ಮ ಕಡೆಯ ತಪ್ಪೂ ಇದೆ, ಇಲ್ಲ ಅನ್ನುವುದಿಲ್ಲ.

ಹಾಗಾಗಿ ತಕರಾರಿದ್ದರೆ ಮೊದಲು ನಿಮ್ಮ ಖಾತೆ ತೆಗೆಸಿ ನಂಬರ್ ಬರೆದುಕೊಳ್ಳಿ. ಆ ನಂಬರ್ ಹಿಡಿದು ರ‍್ಯಾಕ್ ಹುಡುಕಿಸಿ. ಅಕ್ಕಪಕ್ಕದ ರ‍್ಯಾಕು, ಬೈಂಡಿಂಗಿಗೆ ಕಟ್ಟಿಟ್ಟ ರಾಶಿ, ರೀಡಿಂಗ್ ರೂಮಿನ ಟೇಬಲ್ ಕೂಡ ಬಿಡಬೇಡಿ. ಜೊತೆಗೆ ಅದೇ ಬುಕ್ಕು ತಗೊಂಡಿದ್ದ ಗೆಳೆಯರ ಬ್ಯಾಗು. ಒಂದು ಸಣ್ಣ ಅರ್ಜಿ ಬರೆದು, ಸುಮಾರು ಯಾವಾಗ ಕೊಟ್ಟಿರಿ ಅಂತ ಸೇರಿಸಿ, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಕೋಹಾ ಅನ್ನುವ ಉಚಿತ ಲೈಬ್ರರಿ ಸಾಫ್ಟ್‌ವೇರಿನ ಈಚಿನ ಆವೃತ್ತಿಗಳಲ್ಲಿ ‘ಓದುಗರು ವಾಪಸ್ ಕೊಟ್ಟಿದ್ದೇವೆ ಅನ್ನುತ್ತಿದ್ದಾರೆ’ ಅಂತ ಗುರುತು ಹಾಕುವ ಸೌಲಭ್ಯವೇ ಇದೆ. ನಿಮ್ಮ ಕಾಲೇಜಿನಲ್ಲಿ ಅದನ್ನು ಬಳಸುತ್ತಾರಾ, ಕೇಳಿ ನೋಡಿ.

ಹುಡುಕುವ ಮೊದಲೇ ದುಡ್ಡು ಕಟ್ಟಬೇಡಿ. ಊರಿಂದ ಬಂದ ಅಪ್ಪಂದಿರು ‘ಹೋಗ್ಲಿ ಬಿಡ್ರಿ ಮೇಡಂ, ಎಷ್ಟಾಗುತ್ತೆ ಹೇಳ್ರಿ’ ಅಂತ ಜೇಬಿಗೆ ಕೈ ಹಾಕುತ್ತಾರೆ. ನನಗೆ ಸಂಕಟವಾಗುತ್ತದೆ. ಒಮ್ಮೆ ರಸೀದಿ ಹರಿದು ದುಡ್ಡು ಕಾಲೇಜಿನ ಖಾತೆಗೆ ಹೋದ ಮೇಲೆ ಬುಕ್ಕು ಸಿಕ್ಕರೂ ವಾಪಸ್ ಪಡೆಯುವುದು ಕಷ್ಟ. ಒಂದೊಂದು ಲೈಬ್ರರಿಯ ನಿಯಮ ಒಂದೊಂದು ಥರ, ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಬುಕ್ಕು ಎಲ್ಲೂ ಸಿಗದಿದ್ದರೆ? ನಮ್ಮವರಿಗೆ ಇಷ್ಟವಾಗದ ಒಂದು ಮಾತು ಹೇಳುತ್ತೇನೆ. ಕೇಂದ್ರ ಸರ್ಕಾರದ 2017ರ ಹಣಕಾಸು ನಿಯಮಗಳಲ್ಲಿ, ವರ್ಷಕ್ಕೆ ಇಶ್ಯೂ ಆದ ಅಥವಾ ಓದಲು ತೆಗೆದ ಸಾವಿರ ಬುಕ್ಕಿಗೆ ಐದು ಕಳೆದರೆ ಅದು ಸಹಜ ಅಂತ ಒಪ್ಪಿದ್ದಾರೆ. ಆದರೆ ಮೋಸ, ಅಸಡ್ಡೆ ಇರಬಾರದು. ನಮ್ಮಂಥ ಕಾಲೇಜುಗಳು ಆ ನಿಯಮಕ್ಕೆ ಬದ್ಧ ಅಂತ ನಾನು ಹೇಳುತ್ತಿಲ್ಲ. ಅದನ್ನು ತೋರಿಸಿ ಗಲಾಟೆ ಮಾಡಲೂಬೇಡಿ. ಆದರೆ ಕಳೆದ ಪ್ರತಿಯೊಂದು ಬುಕ್ಕಿಗೂ ಯಾರದೋ ಜೇಬು ಹುಡುಕಲೇಬೇಕು ಅಂತೇನಿಲ್ಲ, ಅಲ್ವಾ?

ಲೈಬ್ರರಿಯನ್ ಒಪ್ಪದಿದ್ದರೆ ಪ್ರಿನ್ಸಿಪಾಲರಿದ್ದಾರೆ. ಬಹಳ ಕಾಲೇಜುಗಳಲ್ಲಿ ಲೈಬ್ರರಿ ಕಮಿಟಿಯೂ ಇರುತ್ತದೆ. ಸೀಲು ಬಿದ್ದ ಅರ್ಜಿಯ ಪ್ರತಿ ಹಿಡಿದು ಹೋಗಿ. ಅಲ್ಲೂ ಮೊದಲು ಕೆಂಪು ಅಟ್ಟೆಯ ಸುದ್ದಿ ತೆಗೆಯಬೇಡಿ, ನಂಬರ್ ಹೇಳಿ.