ಟರ್ಬೊ ಟ್ರಕ್ಕಿನ ಹೊಗೆ: ತಪ್ಪು ನಿಜಕ್ಕೂ ಟರ್ಬೊದ್ದೇ?

ಪ್ರಶ್ನೆ: ನಮ್ಮದು ಹಳೆಯ ಟರ್ಬೊ ಡೀಸೆಲ್ ಟ್ರಕ್. ಲೋಡ್ ಹಾಕಿ ಏರು ಹತ್ತಿಸಿದರೆ ಕಪ್ಪು ಹೊಗೆ ಬಿಡುತ್ತದೆ. ಸ್ವಲ್ಪ ಹೊತ್ತು ಐಡ್ಲಿಂಗ್‌ನಲ್ಲಿ ನಿಂತು ಹೊರಟರೆ ನೀಲಿ ಹೊಗೆ. ‘ಟರ್ಬೊ ಹೋಗಿದೆ, ಬದಲಿಸಿ’ ಎನ್ನುತ್ತಿದ್ದಾರೆ. ಬದಲಿಸಲೇಬೇಕೇ?

ಉತ್ತರ: ಇನ್ನೂ ಬೇಡ. ಟರ್ಬೊ ಎಂದರೆ ಎಕ್ಸಾಸ್ಟ್ ಹೊಗೆಯ ಬಲದಿಂದ ತಿರುಗಿ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ. ಕಪ್ಪು ಹೊಗೆ ಗಾಳಿಯ ಕೊರತೆಯಿಂದ ಬರುತ್ತದೆ, ನೀಲಿ ಹೊಗೆ ಆಯಿಲ್ ಸುಡುವುದರಿಂದ. ಇವೆರಡನ್ನೂ ಒಟ್ಟಿಗೆ ತರಬಲ್ಲ ಒಂದು ಅಗ್ಗದ ಕಾರಣವಿದೆ: ಕಟ್ಟಿಕೊಂಡ ಏರ್ ಫಿಲ್ಟರ್. ಫಿಲ್ಟರ್ ಕಟ್ಟಿದಾಗ ಎಂಜಿನ್‌ಗೆ ಗಾಳಿ ಸಾಲದೆ ಹೊಗೆ ಕಪ್ಪಾಗುತ್ತದೆ. ಜೊತೆಗೆ ಟರ್ಬೊ ಬಾಯಿಯಲ್ಲಿ ಎಳೆತ ಹೆಚ್ಚಾಗಿ, ಒಳಗಿನ ಆಯಿಲ್ ಸೀಲ್ ದಾಟಿ ಹೊರಬರುತ್ತದೆ. ಆದ್ದರಿಂದ ಮೊದಲು ಹೊಸ ಫಿಲ್ಟರ್ ಹಾಕಿ. ಹಳೆಯದನ್ನು ಗಾಳಿ ಹೊಡೆದು ಮತ್ತೆ ಹಾಕುವುದು ಬೇಡ, ಕಾಗದ ಎಲ್ಲಿ ಹರಿದಿದೆ ಎಂದು ಕಣ್ಣಿಗೆ ಕಾಣುವುದಿಲ್ಲ.

ಕಪ್ಪು ಹೊಗೆ ಆಮೇಲೂ ನಿಲ್ಲದಿದ್ದರೆ ಟರ್ಬೊದಿಂದ ಇಂಟರ್‌ಕೂಲರ್ (ಆ ಗಾಳಿಯನ್ನು ತಣಿಸುವ ಭಾಗ), ಅಲ್ಲಿಂದ ಇನ್‌ಟೇಕ್ ಮ್ಯಾನಿಫೋಲ್ಡ್‌ (ಗಾಳಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಕವಲು ಕೊಳವೆ) ವರೆಗಿನ ದಾರಿ ನೋಡಿ. ಹೋಸ್ ಸೀಳು ಹೆಚ್ಚಾಗಿ ಕ್ಲಾಂಪ್ ಅಂಚಿನಲ್ಲಿ, ಕೆಳಭಾಗದಲ್ಲಿ ಇರುತ್ತದೆ. ಗಾಡಿ ನಿಂತಾಗ ಮುಚ್ಚಿಕೊಂಡು, ಬೂಸ್ಟ್, ಅಂದರೆ ಟರ್ಬೊ ಕೊಡುವ ಗಾಳಿಯ ಒತ್ತಡ, ಬಂದಾಗ ಬಾಯಿ ಬಿಡುತ್ತದೆ. ಎಂಜಿನ್ ಆಫ್ ಮಾಡಿ ಟರ್ಬೊ ಬಾಯಿಗೆ ಬಿಗಿಯಾದ ಮುಚ್ಚಳ ಕ್ಲಾಂಪ್ ಮಾಡಿ, ರೆಗ್ಯುಲೇಟರ್ ಮೂಲಕ ನಿಧಾನವಾಗಿ ಗಾಳಿ ಕೊಡಿ. 1 ಬಾರ್, ಅಂದರೆ ಸುಮಾರು 15 ಪಿಎಸ್‌ಐ ಮೀರಿಸಬೇಡಿ. ಮುಚ್ಚಳ ಚಿಮ್ಮಬಹುದು, ಅದರ ಎದುರು ನಿಲ್ಲಬೇಡಿ. ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಆಯಿಲ್ ಹಾಕುವ ಬಾಯಿಯಿಂದ ಸಣ್ಣಗೆ ಸುಯ್ಯೆಂದರೆ ಚಿಂತೆ ಬೇಡ, ತೆರೆದ ವಾಲ್ವ್ ದಾಟಿ ಪಿಸ್ಟನ್ ರಿಂಗ್‌ಗಳ ಸಂದಿಯಿಂದ ಅಷ್ಟು ಗಾಳಿ ಇಳಿದೇ ಇಳಿಯುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಬಳಿ ಮಸಿ ಹರಡಿದ ಗುರುತಿದ್ದರೆ ಅದೂ ಕಾರಣವೇ: ಟರ್ಬೊ ತಿರುಗಿಸಬೇಕಾದ ಹೊಗೆ ಅಲ್ಲೇ ಸೋರುತ್ತಿದೆ.

ಗಾಳಿಯ ದಾರಿ ಸರಿಯಿದ್ದರೆ ಮಾತ್ರ ಡೀಸೆಲ್ ಚಿಮ್ಮಿಸುವ ನಾಜಲ್ ಮತ್ತು ಅದಕ್ಕೆ ಡೀಸೆಲ್ ಕೊಡುವ ಪಂಪಿನ ಕಡೆ ಹೋಗಿ. ನಾಜಲ್ ತೊಟ್ಟಿಕ್ಕಿದರೆ ಡೀಸೆಲ್ ಮಂಜಾಗಿ ಹರಡದೆ ಹನಿಯಾಗಿ ಬಿದ್ದು ಅರೆಬೆಂದು ಹೊರಬರುತ್ತದೆ. ಹಿಂದೆ ಯಾರಾದರೂ ಪಿಕಪ್ ಹೆಚ್ಚಲೆಂದು ಪಂಪಿನ ಸ್ಕ್ರೂ ತಿರುಗಿಸಿದ್ದರೆ ಹೊಗೆ ಬರುವುದು ಸಹಜ. ಪಂಪನ್ನು ಟೆಸ್ಟ್ ಬೆಂಚಿನಲ್ಲೇ ಸೆಟ್ ಮಾಡಿಸಿ, ಕಿವಿ ಅಂದಾಜಿನಲ್ಲಿ ಬೇಡ. ಆಕ್ಸಿಲರೇಟರ್ ಒತ್ತಿದ ಕ್ಷಣ ಒಮ್ಮೆ ಕಪ್ಪಗೆ ಬಂದು ತಿಳಿಯಾದರೆ ಅದು ದೋಷವಲ್ಲ. ಹಳೆಯ ಟರ್ಬೊಗೆ ಸ್ಪೀಡ್ ಏರಲು ಅಷ್ಟು ಹೊತ್ತು ಬೇಕು.

ಇನ್ನು ನೀಲಿ ಹೊಗೆ. ಟರ್ಬೊ ಮೇಲೆ ತಪ್ಪು ಹೊರಿಸುವುದು ಹೆಚ್ಚು ಇಲ್ಲೇ. ಟರ್ಬೊ ಶಾಫ್ಟಿನಲ್ಲಿರುವುದು ರಬ್ಬರ್ ಸೀಲ್ ಅಲ್ಲ, ಪಿಸ್ಟನ್ ರಿಂಗಿನಂಥ ಸಣ್ಣ ಲೋಹದ ರಿಂಗ್. ಎರಡೂ ಬದಿಯ ಗಾಳಿ ಒತ್ತಡ ಮತ್ತು ಆಯಿಲ್ ಸಲೀಸಾಗಿ ಕೆಳಗಿಳಿಯುವ ದಾರಿ, ಇವೆರಡರ ಬಲದಿಂದಲೇ ಅದು ಆಯಿಲ್ ತಡೆಯುತ್ತದೆ. ಐಡ್ಲಿಂಗ್‌ನಲ್ಲಿ ಆ ಒತ್ತಡ ಕಡಿಮೆ. ಆಗ ಟರ್ಬೊದಿಂದ ಆಯಿಲ್ ಕೆಳಗಿಳಿಸುವ ಡ್ರೈನ್ ಪೈಪ್ ಕಟ್ಟಿದ್ದರೂ, ಎಂಜಿನ್ನಿನ ಒಳಗಾಳಿ ಹೊರಬಿಡುವ ಬ್ರೀದರ್ ಮುಚ್ಚಿ ಸಂಪಿನಲ್ಲಿ (ಎಂಜಿನ್ ತಳದ ಆಯಿಲ್ ತೊಟ್ಟಿ) ಒತ್ತಡ ಏರಿದ್ದರೂ, ಹೊಚ್ಚಹೊಸ ಟರ್ಬೊ ಕೂಡ ಆಯಿಲ್ ಉಗುಳುತ್ತದೆ. ಡ್ರೈನ್ ಪೈಪ್ ನೇರ ಕೆಳಮುಖದಿಂದ 35 ಡಿಗ್ರಿಗಿಂತ ಹೆಚ್ಚು ವಾಲಿರಬಾರದು, ಒಳಗೆ ಕರಕಲು ಅಥವಾ ಗ್ಯಾಸ್ಕೆಟ್ ಪೇಸ್ಟ್ ಇರಬಾರದು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮೇಲಿನ ಗುರುತು ದಾಟಿದ್ದರೆ ಇಳಿಸಿ.

ಆಮೇಲೆ ಪೈಪ್‌ಗಳನ್ನು ಬಿಚ್ಚಿ ಬೆರಳಾಡಿಸಿ. ಟರ್ಬೊಗೆ ಬರುವ ಪೈಪೇ ಒದ್ದೆಯಿದ್ದು, ಬ್ರೀದರ್ ಹೋಸ್ ಅದಕ್ಕೇ ಸೇರಿದ್ದರೆ ಆಯಿಲ್ ಬಂದದ್ದು ಎಂಜಿನ್‌ನಿಂದ. ಒಳಬರುವ ಕಡೆ ಒಣಗಿದ್ದು, ಇಂಟರ್‌ಕೂಲರ್ ಕಡೆ ಒದ್ದೆಯಿದ್ದರೆ ಸೋರುತ್ತಿರುವುದು ಟರ್ಬೊ. ಎಕ್ಸಾಸ್ಟ್ ಕಡೆಯೂ ಹೀಗೇ: ಮ್ಯಾನಿಫೋಲ್ಡ್ ಒಣಗಿದ್ದು ಟರ್ಬೊ ಆಚೆಯ ಪೈಪ್ ಮಾತ್ರ ಒದ್ದೆಯಿದ್ದರೆ ಟರ್ಬೊ. ಮ್ಯಾನಿಫೋಲ್ಡಿನಲ್ಲೇ ಜಿಡ್ಡಿದ್ದರೆ ಕಾರಣ ಎಂಜಿನ್ನಿನ ವಾಲ್ವ್ ಗೈಡ್, ವಾಲ್ವ್ ಸೀಲ್ ಅಥವಾ ಪಿಸ್ಟನ್ ರಿಂಗ್. ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ಕ್ಯಾಪನ್ನು ಬೋರಲಾಗಿ ಬಾಯಿಯ ಮೇಲಿಡಿ. ಸ್ವಲ್ಪ ಅಲುಗಾಡಿದರೆ ಸರಿ, ಹಾರಿ ಬಿದ್ದರೆ ರಿಂಗ್‌ಗಳ ಮೇಲೆ ಅನುಮಾನಪಟ್ಟು ಕಂಪ್ರೆಷನ್ ಅಳೆಸಿ.

ಟರ್ಬೊ ಶಾಫ್ಟನ್ನು ಎಂಜಿನ್ ಆಫ್ ಆಗಿ ತಣ್ಣಗಿದ್ದಾಗ ಅಲುಗಾಡಿಸಿ ನೋಡಿ. ಅಕ್ಕಪಕ್ಕಕ್ಕೆ ತುಸು ಆಟ ಇದ್ದೇ ಇರುತ್ತದೆ, ಆಯಿಲ್ ತುಂಬಿದಾಗ ಅದು ಸರಿಹೋಗುತ್ತದೆ. ಹಿಂದೆ ಮುಂದೆ ಎಳೆದಾಗ ಮಾತ್ರ ಕೈಗೆ ಗೊತ್ತಾಗುವಷ್ಟು ಆಟ ಇರಬಾರದು. ಟರ್ಬೊ ಒಳಗಿನ ಚಕ್ರದ ರೆಕ್ಕೆ ಹೌಸಿಂಗ್‌ಗೆ (ಹೊರಕವಚಕ್ಕೆ) ಉಜ್ಜಿದ ಗೆರೆಯಿದ್ದರೆ ಟರ್ಬೊ ಬದಲಿಸಲೇಬೇಕು. ಹೊಸದು ಕೂರಿಸುವ ಮುನ್ನ ಟರ್ಬೊಗೆ ಆಯಿಲ್ ತರುವ ಫೀಡ್ ಪೈಪ್ ಬದಲಿಸಿ, ಆಯಿಲ್ ಮತ್ತು ಆಯಿಲ್ ಫಿಲ್ಟರ್ ಹೊಸದು ಹಾಕಿ, ಇಂಟರ್‌ಕೂಲರ್ ತೊಳೆದು ಒಣಗಿಸಿ. ಅದರೊಳಗೆ ಆಯಿಲ್ ಉಳಿದರೆ ಹೊಸ ಟರ್ಬೊ ಹಾಕಿದ ಮೇಲೂ ಹೊಗೆ ಬರುತ್ತಲೇ ಇರುತ್ತದೆ.

ಬಿಳಿ ಹೊಗೆ ನಿಮ್ಮ ಪ್ರಶ್ನೆಯಲ್ಲಿಲ್ಲ. ಬಂದರೆ ಕಣ್ಣುರಿಸುವ ಡೀಸೆಲ್ ವಾಸನೆಯೋ, ಕೂಲೆಂಟಿನ ಸಿಹಿ ವಾಸನೆಯೋ ನೋಡಿ. ಎರಡನೆಯದಾಗಿದ್ದು ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸುವವರೆಗೆ ಗಾಡಿ ಓಡಿಸಬೇಡಿ.

ಟರ್ಬೊ ತುಂಬಾ ಆಯಿಲ್ ಬಿಡುತ್ತಿದ್ದರೂ ಓಡಿಸಬೇಡಿ. ಆ ಆಯಿಲನ್ನೇ ಇಂಧನವಾಗಿ ಕುಡಿದು ಎಂಜಿನ್ ತಾನಾಗಿ ರೇಸ್ ಆಗಬಹುದು, ಆಗ ಕೀ ತೆಗೆದರೂ ನಿಲ್ಲುವುದಿಲ್ಲ. ಗಾಡಿ ಚಲಿಸುತ್ತಿದ್ದರೆ ದೊಡ್ಡ ಗೇರಿನಲ್ಲೇ ಬ್ರೇಕ್ ಒತ್ತಿ ಹಿಡಿದು ಎಂಜಿನ್ ಅದುಮಿ ನಿಲ್ಲಿಸಿ. ನಿಂತಿದ್ದರೆ ಗಾಳಿ ಒಳಹೋಗುವ ಬಾಯಿಯನ್ನು ಗಟ್ಟಿ ಹಲಗೆಯಿಂದ ಮುಚ್ಚಿ, ಕೈ ಅಥವಾ ಬಟ್ಟೆ ಬಳಸಬೇಡಿ. ಹತ್ತಿರ ಹೋಗಲಾಗದಷ್ಟು ರೇಸ್ ಆಗಿದ್ದರೆ ಜನರನ್ನು ದೂರ ಕಳಿಸಿ, ನೀವೂ ದೂರ ನಿಲ್ಲಿ.