ಗಡಿ ದಾಟಿದ ಬ್ಯಾಂಕಿನ ಮೇಲೆ ಯಾರ ಕಣ್ಣು, ಯಾರ ದುಡ್ಡು?

ಈ ಪಾಠಕ್ಕೆ ಕೂರುವ ಮೊದಲು ಒಂದು ವ್ಯತ್ಯಾಸ ಗಟ್ಟಿ ಮಾಡಿಕೊಳ್ಳಿ. ಪಕ್ಕದ ದೇಶಕ್ಕೆ ಹೋದ ಬ್ಯಾಂಕು ಅಲ್ಲಿ ತೆರೆದಿದ್ದು ಸಬ್ಸಿಡಿಯರಿಯೋ, ಬ್ರಾಂಚೋ? ಸಬ್ಸಿಡಿಯರಿ ಎಂದರೆ ಅಲ್ಲೇ ನೋಂದಣಿಯಾದ ಬೇರೆ ಕಂಪನಿ. ಸ್ವಂತ ಬಂಡವಾಳ, ಅಲ್ಲಿನದೇ ಲೈಸೆನ್ಸ್, ಅಲ್ಲಿನವರದೇ ತಪಾಸಣೆ. ಬ್ರಾಂಚ್ ಹಾಗಲ್ಲ, ಅದು ಮೂಲ ಬ್ಯಾಂಕಿನದೇ ತುಂಡು. ಯುರೋಪಿನ ನಿಯಮದಲ್ಲಿ ಅದರ ಆರ್ಥಿಕ ಸ್ಥಿತಿ ನೋಡುವುದೂ ಠೇವಣಿ ವಿಮೆಯೂ (ಬ್ಯಾಂಕು ಮುಳುಗಿದರೆ ಠೇವಣಿದಾರರಿಗೆ ದುಡ್ಡು ಕೊಡುವ ಖಾತ್ರಿ) ಮುಖ್ಯವಾಗಿ ಮೂಲ ದೇಶದ ಹೊಣೆ.

ಕೇಳಲು ಸರಳ, ಅಲ್ವಾ? ಐಸ್‌ಲ್ಯಾಂಡನ್ನು ನೋಡಿ. ಅಲ್ಲಿನ ಲ್ಯಾಂಡ್ಸ್‌ಬಂಕಿ ಬ್ಯಾಂಕು ಬ್ರಾಂಚ್ ಮೂಲಕವೇ ಬ್ರಿಟನ್ನಿನಲ್ಲಿ 'ಐಸ್‌ಸೇವ್' ಖಾತೆ ಮಾರಿತು. 2008ರ ಅಕ್ಟೋಬರ್‌ನಲ್ಲಿ ಮುಳುಗಿತು. ಬ್ರಿಟನ್ನಿನ ಠೇವಣಿದಾರರೇ ಸುಮಾರು 3 ಲಕ್ಷ. ಐಸ್‌ಲ್ಯಾಂಡಿನ ಜನಸಂಖ್ಯೆಯೂ ಹೆಚ್ಚುಕಮ್ಮಿ ಅಷ್ಟೇ! ಬ್ರಿಟನ್ ತನ್ನ ಜನರಿಗೆ ತಾನೇ ದುಡ್ಡು ಕೊಟ್ಟು, ಆಮೇಲೆ ಐಸ್‌ಲ್ಯಾಂಡನ್ನು ಕೇಳಿತು. ಅಲ್ಲಿನ ಜನ 2010, 2011ರ ಎರಡೂ ಜನಮತದಲ್ಲಿ ಪಾವತಿಯ ಒಪ್ಪಂದವನ್ನು ತಿರಸ್ಕರಿಸಿದರು.

ಎಸ್ಟೋನಿಯಾದ ಕಥೆ ಬೇರೆ. ಡೆನ್ಮಾರ್ಕಿನ ಡಾನ್ಸ್ಕೆ ಬ್ಯಾಂಕಿನ ಅಲ್ಲಿನ ಬ್ರಾಂಚ್ ಮೂಲಕ 2007ರಿಂದ 2015ರವರೆಗೆ ಸುಮಾರು 20,000 ಕೋಟಿ ಯುರೋ ಹರಿಯಿತು. ಬಹುಪಾಲು ಅನುಮಾನದ ದುಡ್ಡು. ಕಪ್ಪುಹಣದ ಮೇಲೆ ನಿಗಾ ಬ್ರಾಂಚ್ ಇರುವ ದೇಶದ್ದು, ಬ್ಯಾಂಕಿನ ಆಡಳಿತದ ಮೇಲಿನದು ಮೂಲ ದೇಶದ್ದು. ಹೀಗಾಗಿ ಎರಡೂ ಕಡೆಯವರು 'ಅದು ನಿಮ್ಮ ಕೆಲಸ' ಎಂದು ಬೆರಳು ತೋರಿಸಿಕೊಂಡರು. 2019ರಲ್ಲಿ ಯುರೋಪಿಯನ್ ಬ್ಯಾಂಕಿಂಗ್ ಪ್ರಾಧಿಕಾರದ ಮಂಡಳಿ, ಇಬ್ಬರದೂ ತಪ್ಪಿದೆ ಎನ್ನುವ ಕರಡನ್ನು ತಳ್ಳಿಹಾಕಿತು. ಆ ಮಂಡಳಿಯಲ್ಲಿ ಮತ ಹಾಕುವವರು ಯಾರು? ಆಯಾ ದೇಶಗಳ ಮೇಲ್ವಿಚಾರಕರೇ. ಇನ್ನೇನು ಆಗಬೇಕಿತ್ತು!

ಯುರೋ ವಲಯ, ಅಂದರೆ ಯುರೋ ನಾಣ್ಯ ಬಳಸುವ ದೇಶಗಳು, ಇದಕ್ಕಿಂತ ಗಟ್ಟಿ ದಾರಿ ಹಿಡಿದಿವೆ. 2014ರ ನವೆಂಬರ್‌ನಿಂದ ದೊಡ್ಡ ಬ್ಯಾಂಕುಗಳು ನೇರವಾಗಿ ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ಕೈಗೆ ಬಂದವು. ಆಸ್ತಿ 3,000 ಕೋಟಿ ಯುರೋ ದಾಟಿರುವುದು ಮುಖ್ಯ ಅಳತೆ. ಪ್ರತಿ ಬ್ಯಾಂಕಿಗೂ ಒಂದು ಜಂಟಿ ತಂಡ. ತಂಡದ ಮುಖ್ಯಸ್ಥರು ಸಾಮಾನ್ಯವಾಗಿ ಆ ಬ್ಯಾಂಕಿನ ದೇಶದವರಾಗಿರುವುದಿಲ್ಲ. ನನಗೆ ತುಂಬಾ ಹಿಡಿಸಿದ ಅಂಶ ಇದೇ.

ಆದರೆ ಒಂದಾಗಿರುವುದು ಕಣ್ಣು. ಠೇವಣಿ ವಿಮೆಯ ಹಣದ ಗಂಟು ಇನ್ನೂ ಒಂದಾಗಿಲ್ಲ. ಅದಕ್ಕಾಗಿ 2015ರಲ್ಲಿ ಮಂಡಿಸಿದ ಪ್ರಸ್ತಾವ ಸುಮ್ನೆ ಕೂತಿದೆ. 2018ರ ಅಕ್ಟೋಬರ್‌ನಲ್ಲಿ ನಾರ್ಡಿಯಾ ಬ್ಯಾಂಕು ತನ್ನ ಮುಖ್ಯ ಕಚೇರಿಯನ್ನು ಸ್ವೀಡನ್ನಿನಿಂದ ಫಿನ್‌ಲ್ಯಾಂಡಿಗೆ ಒಯ್ದಿತು. ಸ್ವೀಡನ್ ಯುರೋ ವಲಯದಲ್ಲಿಲ್ಲ, ಫಿನ್‌ಲ್ಯಾಂಡ್ ಇದೆ. ಹಾಗಾಗಿ ಈಗ ಆ ಬ್ಯಾಂಕನ್ನು ನೋಡಿಕೊಳ್ಳುವುದು ಫ್ರಾಂಕ್‌ಫರ್ಟ್, ಅಂದರೆ ಅಲ್ಲಿರುವ ಯುರೋಪಿಯನ್ ಸೆಂಟ್ರಲ್ ಬ್ಯಾಂಕು. ಸ್ವೀಡನ್ನಿನಲ್ಲಿ ಈಗಿರುವುದು ಬ್ರಾಂಚ್, ಹಾಗಾಗಿ ಸ್ಟಾಕ್‌ಹೋಮ್‌ನ ಗ್ರಾಹಕರ ಠೇವಣಿಗೆ ಖಾತ್ರಿ ಮಾತ್ರ ಫಿನ್‌ಲ್ಯಾಂಡಿನ ರಾಜಧಾನಿ ಹೆಲ್ಸಿಂಕಿಯದು.