ಕಣ್ಣಿಗೆ ನಡಿಗೆ ಒಳ್ಳೆಯದು, ಶೀರ್ಷಾಸನ ಎಲ್ಲರಿಗೂ ಅಲ್ಲ

ವ್ಯಾಯಾಮ ಮಾಡಿದರೆ ಕನ್ನಡಕದ ನಂಬರ್ ಇಳಿಯುತ್ತದೆಯೇ? ಇಳಿಯುವುದಿಲ್ಲ. ದೂರದ್ದು ಮಸುಕಾಗುವುದಕ್ಕೆ ಸಾಮಾನ್ಯವಾಗಿ ಕಣ್ಣುಗುಡ್ಡೆ ಉದ್ದವಾಗಿರುವುದು ಕಾರಣ. ನಲವತ್ತರ ನಂತರ ಬರುವ ಚಾಳೀಸಿಗೆ ಮಸೂರ ಗಡುಸಾಗುವುದು ಕಾರಣ. ಓಟವಾಗಲಿ, ಕಣ್ಣು ಗರಗರ ತಿರುಗಿಸುವ ಕಸರತ್ತಾಗಲಿ ಇವೆರಡನ್ನೂ ಬದಲಿಸಲಾರವು.

ವ್ಯಾಯಾಮದ ಲಾಭ ಇರುವುದು ಕಣ್ಣಿನ ಹಿಂಬದಿಯಲ್ಲಿ, ರೆಟಿನಾದ ಕೂದಲೆಳೆಗಿಂತ ಸಣ್ಣ ರಕ್ತನಾಳಗಳಲ್ಲಿ. ಸಕ್ಕರೆ ಕಾಯಿಲೆ ಮತ್ತು ಬಿಪಿ ಮೊದಲು ಕೆಡಿಸುವ ಜಾಗಗಳಲ್ಲಿ ಇದೂ ಒಂದು. ನಡೆಯುವಾಗ ಸ್ನಾಯುಗಳು ರಕ್ತದ ಸಕ್ಕರೆಯನ್ನು ಹೀರಿಕೊಳ್ಳುತ್ತವೆ. ಆ ಪರಿಣಾಮ ಒಂದೆರಡು ದಿನ ಉಳಿಯುತ್ತದೆ. ಹಾಗಾಗಿ ಭಾನುವಾರ ಮಾತ್ರ ಹತ್ತು ಕಿಲೋಮೀಟರ್ ನಡೆದು ವಾರವಿಡೀ ಕುಳಿತರೆ ಪ್ರಯೋಜನ ಕಡಿಮೆ. ವಾರಕ್ಕೆ 150 ನಿಮಿಷದ ಬಿರುಸು ನಡಿಗೆಯನ್ನು ಐದು ದಿನಕ್ಕೆ ಹಂಚಿ, ಸತತ ಎರಡು ದಿನಕ್ಕಿಂತ ಹೆಚ್ಚು ಬಿಡಬೇಡಿ. ಟೈಪ್ 2 ಮಧುಮೇಹಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ರಕ್ತದ ಸಕ್ಕರೆಯ ಅಳತೆ) ಒಂದು ಶೇಕಡಾ ಅಂಶ ಕಡಿಮೆಯಿದ್ದಾಗ ಕಣ್ಣು ಮತ್ತು ಕಿಡ್ನಿಯ ಸಣ್ಣ ರಕ್ತನಾಳಗಳ ತೊಂದರೆ ಶೇ 37ರಷ್ಟು ಕಡಿಮೆ ಕಂಡಿತು. ಅದು ಸಕ್ಕರೆಯ ಲೆಕ್ಕ, ನಡಿಗೆಯೊಂದರದ್ದೇ ಅಲ್ಲ. ಔಷಧಿ, ಊಟವೂ ಅದರಲ್ಲಿ ಸೇರಿವೆ.

ಮಧುಮೇಹ ಇರುವವರು ಜಿಮ್‌ಗೆ ಸೇರುವ ಮೊದಲು ಪಾಪೆ ಹಿಗ್ಗಿಸಿ ರೆಟಿನಾ ಪರೀಕ್ಷೆ ಮಾಡಿಸಿಕೊಳ್ಳಬೇಕು. ಅಲ್ಲಿ ಹೊಸ ದುರ್ಬಲ ನಾಳಗಳು ಬೆಳೆದಿದ್ದರೆ ಭಾರ ಎತ್ತುವುದು, ಜಿಗಿಯುವುದು, ತಲೆ ಕೆಳಗಾಗಿಸುವುದು ಕಣ್ಣೊಳಗೆ ರಕ್ತಸ್ರಾವಕ್ಕೆ ದಾರಿಯಾಗಬಹುದು. ಅಂಥವರು ವೈದ್ಯರು ಒಪ್ಪುವವರೆಗೆ ಸಮತಟ್ಟು ರಸ್ತೆಯ ನಡಿಗೆಗೇ ನಿಲ್ಲಬೇಕು.

ಗ್ಲಾಕೋಮಾದ, ಅಂದರೆ ಸಾಮಾನ್ಯವಾಗಿ ಕಣ್ಣೊಳಗಿನ ಒತ್ತಡದಿಂದ ಕಣ್ಣಿನ ನರ ಹಾಳಾಗುವ ಕಾಯಿಲೆಯ, ಕಥೆ ಬೇರೆ. ಕಣ್ಣಿನ ಸಾಮಾನ್ಯ ಒತ್ತಡ 10ರಿಂದ 21 ಮಿ.ಮೀ. ಪಾದರಸ. ಅರ್ಧ ಗಂಟೆ ಬಿರುಸಾಗಿ ನಡೆದರೆ ಅದು ಕೊಂಚ ಇಳಿಯುತ್ತದೆ, ಆದರೆ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಮೊದಲಿನ ಮಟ್ಟಕ್ಕೆ ಬರುತ್ತದೆ. ನಡಿಗೆ ನಂಬಿ ಡ್ರಾಪ್ಸ್ ಬಿಟ್ಟವರು ನರ ಕಳೆದುಕೊಳ್ಳುತ್ತಾರೆ, ಕಳೆದ ದೃಷ್ಟಿ ಮರಳುವುದಿಲ್ಲ. ಟಿಮೊಲಾಲ್ ಎಂಬ ಗ್ಲಾಕೋಮಾ ಡ್ರಾಪ್ಸ್ ಹಾಕುವವರಲ್ಲಿ ನಾಡಿ ಏರುವುದು ನಿಧಾನ. ಅವರು ವಾಚಿನ ಅಂಕಿ ನೋಡುವ ಬದಲು, ಮಾತಾಡಲು ಆಗುತ್ತದೆ ಆದರೆ ಹಾಡಲು ಆಗುವುದಿಲ್ಲ ಎನ್ನುವ ವೇಗ ಇಟ್ಟುಕೊಳ್ಳಲಿ.

ಇನ್ನು ಯೋಗ. ನಮ್ಮಲ್ಲಿ ಇದನ್ನು ಹೇಳಿದರೆ ಕೆಲವರಿಗೆ ಬೇಸರವಾಗುತ್ತದೆ. ಶೀರ್ಷಾಸನದಲ್ಲಿ ಕಣ್ಣಿನ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ ಎಂದು ಚೆನ್ನೈನ ಶಂಕರ ನೇತ್ರಾಲಯದ 2006ರ ಅಧ್ಯಯನ ತೋರಿಸಿದೆ. ಅಧೋಮುಖ ಶ್ವಾನಾಸನ, ಹಲಾಸನದಲ್ಲೂ ಒತ್ತಡ ಏರುತ್ತದೆ. ಆರೋಗ್ಯವಂತ ಕಣ್ಣು ತಾಳಿಕೊಳ್ಳುತ್ತದೆ; ಗ್ಲಾಕೋಮಾ ಇರುವವರು ಇವನ್ನು ಬಿಡುವುದೇ ಸರಿ. ಉಸಿರು ಬಿಗಿಹಿಡಿದು ಭಾರ ಎತ್ತುವುದೂ ಹಾಗೆಯೇ: ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ಈಜುವವರು ಕಣ್ಣಿನ ಸುತ್ತ ಒತ್ತುವ ಪುಟ್ಟ ಗಾಗಲ್ ಬಿಟ್ಟು, ಮೂಳೆಯ ಮೇಲೆ ಕೂರುವ ದೊಡ್ಡದನ್ನು ಆರಿಸಲಿ. ಶಟಲ್ ಆಡುವವರಿಗೆ ಪಾಲಿಕಾರ್ಬೊನೇಟ್ ಕ್ರೀಡಾ ಕನ್ನಡಕ ಬೇಕು, ಮಾಮೂಲಿ ಗಾಜಿನದು ಒಡೆದರೆ ಅದರ ಚೂರೇ ಗಾಯ ಮಾಡುತ್ತದೆ.

ವ್ಯಾಯಾಮದ ನಡುವೆ ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳು ಒಮ್ಮೆಲೇ ಹೆಚ್ಚಾದರೆ, ಪಕ್ಕದಿಂದ ಪರದೆ ಇಳಿದಂತೆ ಕಂಡರೆ ಅಲ್ಲೇ ನಿಲ್ಲಿಸಿ, ಅಂದೇ ಕಣ್ಣಿನ ವೈದ್ಯರನ್ನು ಕಾಣಿ.